ಪಟ್ಟಿಯಲ್ಲಿ ಪಾಲು

ಒಂದು ಕೆಲಸಕ್ಕೆ ಆರು ಅರ್ಜಿ ಬಂದಿವೆ, ಮೂವರು ಗಂಡಸರದು, ಮೂವರು ಹೆಂಗಸರದು. ಕಂಪ್ಯೂಟರ್ ಗಂಡಸರಿಗೆ 0.82, 0.81, 0.80 ಅಂಕ ಕೊಟ್ಟಿದೆ, ಹೆಂಗಸರಿಗೆ 0.79, 0.78, 0.77. ಸರಾಸರಿಯಲ್ಲಿ ಅಂತರ ಬರೀ 0.03. ಆದರೆ ಅಂಕದ ಪ್ರಕಾರ ಪಟ್ಟಿ ಮಾಡಿದರೆ ಮೇಲಿನ ಮೂರೂ ಸ್ಥಾನ ಗಂಡಸರ ಪಾಲು. ಪಟ್ಟಿ ಓದುವವರ ಗಮನ ಕೆಳಗಿಳಿದಂತೆ ಕುಗ್ಗುತ್ತದೆ. ಮೊದಲ ಸ್ಥಾನಕ್ಕೆ 1 ಎಂದಿಟ್ಟುಕೊಂಡರೆ ಎರಡನೆಯದಕ್ಕೆ 0.63, ಆರನೆಯದಕ್ಕೆ 0.36 ಎಂಬುದು ಇಲ್ಲಿ ಬಳಸುವ ಒಂದು ಲೆಕ್ಕ. ಅದರಂತೆ ಗಂಡಸರಿಗೆ ಸರಾಸರಿ 0.71 ಗಮನ, ಹೆಂಗಸರಿಗೆ 0.39. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಶುದೀಪ್ ಸಿಂಗ್ ಮತ್ತು ಥಾರ್ಸ್ಟನ್ ಯೋಆಕಿಮ್ಸ್ 2018ರಲ್ಲಿ ಕೊಟ್ಟ ಉದಾಹರಣೆ. ಇಲ್ಲಿ ಯಾರೂ ಬೇಕೆಂದು ಮೋಸ ಮಾಡಿಲ್ಲ ಎನ್ನುವುದೇ ತೊಡಕು.

ಊಟ, ಹಾಡು, ಸಾಮಾನು ಸೂಚಿಸುವ ಆ್ಯಪ್‌ಗಳಲ್ಲೂ ಇದೇ ಕತೆ. 2020ರಲ್ಲಿ ಬಂದ 'ಫೇರ್‌ರೆಕ್' ಎಂಬ ವಿಧಾನ ಇದಕ್ಕೊಂದು ದಾರಿ ಹುಡುಕಿತು. ಐಐಟಿ ಖರಗಪುರದ ಗೌರಬ್ ಪಾತ್ರೊ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅರ್ಪಿತಾ ಬಿಸ್ವಾಸ್ ಮತ್ತು ಸಂಗಡಿಗರ ಕೆಲಸ ಇದು.

ಸಾವಿರ ಗ್ರಾಹಕರು, ಒಬ್ಬೊಬ್ಬರಿಗೂ ಹತ್ತು ಹೋಟೆಲುಗಳ ಪಟ್ಟಿ ಎನ್ನಿ. ಒಟ್ಟು 10,000 ಜಾಗ. ಊರಿನಲ್ಲಿ 500 ಹೋಟೆಲುಗಳಿದ್ದರೆ ಸಮಪಾಲು ತಲಾ 20. ಬರೀ ಅಂಕ ನೋಡಿದರೆ ಹೆಸರುವಾಸಿ ಹೋಟೆಲು ಸಾವಿರ ಪಟ್ಟಿಗಳಲ್ಲೂ ಕೂತೀತು, ಮೂಲೆಯದು ಒಂದರಲ್ಲೂ ಇರಲಿಕ್ಕಿಲ್ಲ. ಫೇರ್‌ರೆಕ್ ಮೊದಲು ಪ್ರತಿ ಹೋಟೆಲಿಗೂ ಇಂತಿಷ್ಟು ಜಾಗ ಎಂದು ಎತ್ತಿಡುತ್ತದೆ. ಪೂರಾ 20 ಆಗಬಹುದು, ಅದರ ಒಂದಂಶವೂ ಆಗಬಹುದು. ಆಮೇಲೆ ಗ್ರಾಹಕರ ಪರವಾಗಿ ಸರದಿಯಂತೆ ಒಂದೊಂದೇ ಹೋಟೆಲು ಆರಿಸುತ್ತದೆ, ಕಬಡ್ಡಿಗೆ ನಾಯಕರು ಆಟಗಾರರನ್ನು ಆರಿಸಿಕೊಂಡಂತೆ. ಎತ್ತಿಟ್ಟದ್ದು ಮುಗಿದ ಮೇಲೆ ಉಳಿದ ಜಾಗಗಳನ್ನು ಅವರವರ ರುಚಿಗೆ ತಕ್ಕಂತೆ ತುಂಬುತ್ತದೆ.

ಈ ಸರದಿ ಬರೀ ಶಿಷ್ಟಾಚಾರವಲ್ಲ. ಮೊದಲು ಆರಿಸಿದವನ ಪಟ್ಟಿ ನೋಡಿ ಕೊನೆಯವನಿಗೆ ಹೊಟ್ಟೆಕಿಚ್ಚಾಗಬಹುದು. ಆದರೆ ಆ ಪಟ್ಟಿಯ ಮೊದಲ ಆಯ್ಕೆಯೊಂದನ್ನು ಬದಿಗಿಡಿ: ಮೊದಲಿಗನ ಎರಡನೆಯ ಸರದಿಗೆ ಮುಂಚೆಯೇ ಕೊನೆಯವನು ತನ್ನ ಮೊದಲನೆಯದನ್ನು ಆರಿಸಿಯಾಗಿದೆ, ಮೂರನೆಯದಕ್ಕೆ ಮುಂಚೆ ಎರಡನೆಯದನ್ನು. ಹೀಗಾಗಿ ಯಾರಿಗೂ ಒಂದು ಹೋಟೆಲಿಗಿಂತ ಹೆಚ್ಚಿನ ಅಸೂಯೆಗೆ ಕಾರಣವಿರದು. ಇದಕ್ಕೆ ಗಣಿತದ ಸಾಧನೆಯೇ ಇದೆ. ನಿಜವಾದ ರೇಟಿಂಗ್‌ಗಳ ಮೇಲೆ ಪರೀಕ್ಷಿಸಿದಾಗ ಗ್ರಾಹಕರ ನಷ್ಟವೂ ಅಲ್ಪವೇ ಕಂಡಿತು.

ನನಗೆ ಇದರಲ್ಲಿ ಒಂದು ತಕರಾರಿದೆ. ಪಟ್ಟಿಯ ಹತ್ತೂ ಸ್ಥಾನಗಳನ್ನು ಇದು ಒಂದೇ ತೂಕದಲ್ಲಿ ಎಣಿಸುತ್ತದೆ. ಹತ್ತನೆಯದರವರೆಗೆ ಬೆರಳು ಸವರುವವರು ಎಷ್ಟು ಜನ? ಅಂಕವನ್ನೂ ಅದು ಪ್ರಶ್ನಿಸುವುದಿಲ್ಲ, ಕೊಟ್ಟದ್ದನ್ನು ಒಪ್ಪಿಕೊಳ್ಳುತ್ತದೆ. ನಿನ್ನೆ ಬಾಗಿಲು ತೆರೆದ ಹೋಟೆಲಿಗೆ ಅಂಕ ಎಲ್ಲಿಂದ ಬರಬೇಕು? ಆದರೂ 20 ಪಟ್ಟಿಗಳಲ್ಲಿ ಹೆಸರು ಕಂಡು ಇಬ್ಬರು ಬಂದು ಉಂಡು ರೇಟಿಂಗ್ ಕೊಟ್ಟರೆ, ಮುಂದಿನ ಸಲದ ಅಂಕದಲ್ಲಿ ಯಂತ್ರದ ಊಹೆಯ ಜೊತೆಗೆ ತಿಂದವರ ಮಾತೂ ಸೇರುತ್ತದೆ.