ಕೊನೆಯ ದಿನಾಂಕದ ಸೆಳೆತ

ಮಳೆಗಾಲ ಹಿಡಿಯುವ ಹೊತ್ತಿಗೆ ಕನ್ನಡ ಪತ್ರಿಕೆಗಳಲ್ಲಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಪ್ರಕಟಣೆ ಬರುತ್ತದೆ. ಷರತ್ತುಗಳು ಹೆಚ್ಚುಕಡಿಮೆ ಪ್ರತಿವರ್ಷವೂ ಅವೇ. ಕಥೆ ಸ್ವತಂತ್ರವಾಗಿರಬೇಕು, ಬೇರೆಲ್ಲೂ ಪ್ರಕಟವಾಗಿರಬಾರದು, ಪದಮಿತಿ ಮೀರಬಾರದು, ಹೆಸರು-ವಿಳಾಸ ಪ್ರತ್ಯೇಕ ಹಾಳೆಯಲ್ಲಿರಬೇಕು. ಬಹುಮಾನ ಸಿಗುವುದು ಬೆರಳೆಣಿಕೆಯ ಮಂದಿಗೆ. ಹಾಗಿದ್ದೂ ಹಳ್ಳಿ ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತೆ, ಹಾಸ್ಟೆಲಿನಲ್ಲಿರುವ ಇಂಜಿನಿಯರಿಂಗ್ ಹುಡುಗ, ಮಕ್ಕಳನ್ನು ಮಲಗಿಸಿದ ಮೇಲೆ ಪೆನ್ನು ಹಿಡಿಯುವ ಗೃಹಿಣಿ ಎಲ್ಲರೂ ಕಥೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟದ ಬೆಳಗ್ಗೆಯೂ ಇದೇ ನೋಟ. ಮುಂದಿನ ಸಾಲಿನಲ್ಲಿ ಪೂರ್ವ ಆಫ್ರಿಕಾದ ವೃತ್ತಿಪರ ಓಟಗಾರರು ನಿಂತಿರುತ್ತಾರೆ. ಅವರ ಹಿಂದೆ ಸಾವಿರಾರು ಜನ, ತಮ್ಮ ಕೈಯಿಂದಲೇ ಶುಲ್ಕ ಕಟ್ಟಿ, ಎದೆಗೆ ಬಿಬ್ ನಂಬರ್ ಚುಚ್ಚಿಕೊಂಡು ನಿಂತಿರುತ್ತಾರೆ. ಗೆಲ್ಲುವುದು ತಾವಲ್ಲ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತು.

ಮತ್ತೇಕೆ ಬರುತ್ತಾರೆ? ಹೆಸರಿನ ಆಸೆ, ಬಹುಮಾನದ ಆಸೆ, ಫೋಟೊ ಹಾಕಿಕೊಳ್ಳುವ ಚಪಲ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಆ ಮಾತು ಈ ಜನಕ್ಕೆ ಮಾಡುವ ಅನ್ಯಾಯ. ಅವರನ್ನು ಎಳೆದು ತರುವುದು ಎರಡು ಸಂಗತಿ ಎಂದು ನನಗೆ ಅನ್ನಿಸುತ್ತದೆ: ಬೇರೆ ಯಾರೋ ಗೊತ್ತುಮಾಡಿದ, ತಮ್ಮಿಂದ ಮುಂದೂಡಲಾಗದ ಒಂದು ದಿನಾಂಕ, ಮತ್ತು ತಮ್ಮ ಗುರುತು ಪರಿಚಯ ಇಲ್ಲದವರ ಒಂದು ನೋಟ.

ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಮರಳಿದ ವಿಕ್ ಕ್ಲಾಫಮ್ ಎಂಬ ಸೈನಿಕ, ಸತ್ತ ಸಂಗಾತಿಗಳ ನೆನಪಿಗೆ ಕಲ್ಲಿನ ಸ್ಮಾರಕ ಬೇಡ, ಮೈ ದಣಿಸುವ ಓಟವೊಂದಿರಲಿ ಎಂದು ಬಯಸಿದ. ಪೂರ್ವ ಆಫ್ರಿಕಾದ ಕಾಡು ಬಯಲುಗಳಲ್ಲಿ ಅವರು ಒಟ್ಟಿಗೆ ನಡೆದ ದೂರ ಅಷ್ಟಿತ್ತು. 1921ರ ಮೇ 24ರಂದು ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್‌ಗೆ 34 ಜನ ಓಡತೊಡಗಿದರು, 16 ಜನ ಮುಟ್ಟಿದರು. ಇಂದು ಸುಮಾರು 20 ಸಾವಿರ ಜನ ಹೆಸರು ನೋಂದಾಯಿಸುತ್ತಾರೆ. ದೂರ 90 ಕಿಲೋಮೀಟರಿನ ಆಸುಪಾಸು, ದಾರಿಯುದ್ದಕ್ಕೂ ದಿಣ್ಣೆಗಳು. ಭಾರತದಿಂದ ಹೋಗುವವರ ಗುಂಪು ಈಚಿನ ವರ್ಷಗಳಲ್ಲಿ ದೊಡ್ಡದಾಗುತ್ತಿದೆ. ಬೆಂಗಳೂರಿನಿಂದ ಹೋಗುವವರು ಏರಿನ ಅಭ್ಯಾಸಕ್ಕೆಂದು ಬೆಳಕು ಹರಿಯುವ ಮೊದಲೇ ನಂದಿಬೆಟ್ಟದ ರಸ್ತೆ ಹತ್ತುತ್ತಾರೆ.

ಆ ಓಟದ ಜೀವ ಇರುವುದು ಕಟ್‌ಆಫ್‌ನಲ್ಲಿ. 12 ಗಂಟೆ ತುಂಬುವ ಕ್ಷಣಕ್ಕೆ ಅಧಿಕಾರಿಯೊಬ್ಬರು ಓಡಿಬರುವವರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಅದರೊಂದಿಗೆ ಗೆರೆ ಮುಚ್ಚುತ್ತದೆ. ಒಂದು ಸೆಕೆಂಡ್ ತಡವಾದರೂ ಪದಕವಿಲ್ಲ. ಎದುರಿಗಿರುವವರ ಮುಖ ನೋಡಿದರೆ ಮನಸ್ಸು ಕರಗೀತು ಎಂದೇ ಆ ಬೆನ್ನು ಹಾಕುವ ಪದ್ಧತಿ ಎನ್ನಿಸುತ್ತದೆ. ಇದು ಕ್ರೌರ್ಯವೆಂದು ಯಾರಾದರೂ ಹೇಳಬಹುದು. ನಾನು ಹಾಗೆ ಭಾವಿಸುವುದಿಲ್ಲ. ಆ ಗುಂಡಿನ ಶಬ್ದ ಇಲ್ಲದಿದ್ದರೆ ಹನ್ನೊಂದೂವರೆ ಗಂಟೆ ಓಡಿದವನ ಪ್ರಯತ್ನಕ್ಕೆ ತೂಕವೇ ಬರುತ್ತಿರಲಿಲ್ಲ. 11ರಿಂದ 12 ಗಂಟೆಯೊಳಗೆ ಮುಗಿಸಿದವರಿಗೆ ಕೊಡುವ ಪದಕಕ್ಕೆ ಆ ಸೈನಿಕ ಕ್ಲಾಫಮ್ ಹೆಸರನ್ನೇ ಇಟ್ಟಿದ್ದಾರೆ. ಸ್ಥಾಪಕನ ಹೆಸರನ್ನು ಕೊನೆಯಲ್ಲಿ ಬಂದವರಿಗೆ ಮೀಸಲಿಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಹತ್ತು ಸಲ ಮುಗಿಸಿದವರಿಗೆ ಅವರ ಬಿಬ್ ನಂಬರ್ ಶಾಶ್ವತವಾಗಿ ಸಿಗುತ್ತದೆ, ಹಸಿರು ಬಣ್ಣದಲ್ಲಿ. ಅಲ್ಲಿನ ರಸ್ತೆಯಲ್ಲಿ 'ಬಸ್'ಗಳೂ ಓಡುತ್ತವೆ. ಅನುಭವಿ ಓಟಗಾರನೊಬ್ಬ ಲೆಕ್ಕಾಚಾರದ ವೇಗದಲ್ಲಿ ಸಾಗುತ್ತಾನೆ, ಗುರುತಿಲ್ಲದ ನೂರಾರು ಜನ ಅವನ ಹಿಂದೆ ಒಂದೇ ಹೆಜ್ಜೆಗತಿಯಲ್ಲಿ ಹೋಗುತ್ತಾರೆ. ಆ ಗುಂಪಿಗೆ ಬಸ್ ಎಂದು, ಮುಂದಿರುವವನಿಗೆ ಡ್ರೈವರ್ ಎಂದು ಹೆಸರು. ಡ್ರೈವರ್‌ಗೆ ತಾನು ಬೇಗ ಮುಟ್ಟುವುದಕ್ಕಿಂತ ಹಿಂದಿರುವವರನ್ನು ಗುಂಡು ಹಾರುವ ಮೊದಲು ಗೆರೆ ದಾಟಿಸುವುದು ದೊಡ್ಡದು.

ಹೊರಗಿನ ಗಡುವು ಮನುಷ್ಯನ ಕಾಲಿಗೆ ಎಷ್ಟು ಬಲ ಕೊಡುತ್ತದೆ ಎಂಬುದಕ್ಕೆ ಅಂಕಿಯ ಆಧಾರವೂ ಇದೆ. ಅಮೆರಿಕದ ಸಂಶೋಧಕರು 97 ಲಕ್ಷಕ್ಕೂ ಹೆಚ್ಚು ಮ್ಯಾರಥಾನ್ ಫಲಿತಾಂಶಗಳನ್ನು ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3 ಗಂಟೆ, 4 ಗಂಟೆಯಂಥ ಪೂರ್ಣಾಂಕದ ಸಮಯಗಳಿಗೆ ಸ್ವಲ್ಪ ಮೊದಲು ಮುಟ್ಟುವವರ ಗುಂಪು ಎದ್ದು ಕಾಣುತ್ತದೆ. 4 ಗಂಟೆ ದಾಟಿ ಒಂದು ನಿಮಿಷಕ್ಕೆ ಬಂದರೆ ಯಾರೂ ದಂಡ ಹಾಕುವುದಿಲ್ಲ. ಆದರೂ ಗಡಿಯಾರ ನೋಡಿದ ಓಟಗಾರ ಕೊನೆಯ ಎರಡು ಕಿಲೋಮೀಟರಿನಲ್ಲಿ ತನ್ನಲ್ಲಿ ಇಲ್ಲವೆಂದುಕೊಂಡಿದ್ದ ಶಕ್ತಿಯನ್ನು ಹೊರಗೆಳೆಯುತ್ತಾನೆ.

ಬರಹದಲ್ಲಿ ಇದೇ ಮಾತನ್ನು ಇನ್ನೂ ಶುದ್ಧವಾಗಿ ಪರೀಕ್ಷಿಸಿದವರು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕ್ರಿಸ್ ಬೇಟಿ ಮತ್ತು ಗೆಳೆಯರು. 1999ರ ಜುಲೈನಲ್ಲಿ 21 ಜನ ಸೇರಿ ಒಂದೇ ತಿಂಗಳಲ್ಲಿ ಕಾದಂಬರಿ ಬರೆಯುವ ಪಣ ತೊಟ್ಟರು. ಮುಂದಿನ ವರ್ಷದಿಂದ ಅದು ನವೆಂಬರಿಗೆ ಬದಲಾಯಿತು. 30 ದಿನದಲ್ಲಿ 50 ಸಾವಿರ ಪದ. ತೀರ್ಪುಗಾರರಿಲ್ಲ, ನಗದು ಬಹುಮಾನವಿಲ್ಲ; ಪದಸಂಖ್ಯೆ ಮುಟ್ಟಿದವರೆಲ್ಲ ಗೆದ್ದಂತೆ. ಮುಂದೆ ಒಂದೇ ವರ್ಷದಲ್ಲಿ ಲಕ್ಷಾಂತರ ಜನ ಪಾಲ್ಗೊಳ್ಳುವಷ್ಟು ಅದು ಬೆಳೆಯಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿದ್ದರೂ ಅದು ತೋರಿಸಿಕೊಟ್ಟ ಸಂಗತಿ ಸುಳ್ಳಾಗಿಲ್ಲ: ಬಹುಮಾನವನ್ನೂ ತೀರ್ಪನ್ನೂ ತೆಗೆದುಹಾಕಿ ದಿನಾಂಕವನ್ನಷ್ಟೇ ಉಳಿಸಿದರೂ ಜನ ಬಂದರು, ಬರೆದರು. 'ಎಂದಾದರೂ ಒಂದು ಕಾದಂಬರಿ ಬರೆಯಬೇಕು' ಎಂಬ ಆಸೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಆ 'ಎಂದಾದರೂ' ಕ್ಯಾಲೆಂಡರಿನಲ್ಲಿ ಬರುವುದಿಲ್ಲ.

ಬಹುಮಾನದ ಬಗ್ಗೆ ಎಚ್ಚರಿಕೆಯ ಮಾತೂ ಹೇಳಬೇಕು. ಮನೋವಿಜ್ಞಾನಿ ಟೆರೆಸಾ ಅಮಬೈಲ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬರೆಯುವ ಹವ್ಯಾಸವಿದ್ದ 72 ಯುವಕ ಯುವತಿಯರು ಎರಡೆರಡು ಪುಟ್ಟ ಕವಿತೆ ಬರೆದರು. ಎರಡರ ನಡುವೆ ಒಂದು ಗುಂಪಿಗೆ ಹಣ, ಮನ್ನಣೆಯಂಥ ಹೊರಗಿನ ಕಾರಣಗಳ ಪಟ್ಟಿಯನ್ನು, ಇನ್ನೊಂದಕ್ಕೆ ಬರೆಯುವ ಸುಖದ ಕಾರಣಗಳ ಪಟ್ಟಿಯನ್ನು ಕೊಟ್ಟು, ಮುಖ್ಯವೆನಿಸಿದ ಕ್ರಮದಲ್ಲಿ ಜೋಡಿಸಲು ಹೇಳಿದರು. ಮೂರನೆಯ ಗುಂಪಿಗೆ ಯಾವ ಪಟ್ಟಿಯೂ ಇರಲಿಲ್ಲ. ಕವಿಗಳೇ ಮೌಲ್ಯಮಾಪನ ಮಾಡಿದಾಗ ಮೊದಲ ಗುಂಪಿನ ಎರಡನೆಯ ಕವಿತೆಗಳಲ್ಲಿ ಸೃಜನಶೀಲತೆ ಕುಗ್ಗಿತ್ತು. ಕೆಲವೇ ನಿಮಿಷ ಬಹುಮಾನದ ಕಡೆ ಮನಸ್ಸು ಹೊರಳಿದ್ದಕ್ಕೆ ಇಷ್ಟು. ಹಾಗಾಗಿ ತೀರ್ಪುಗಾರರು ಯಾರಿರಬಹುದು, ಹೋದ ವರ್ಷ ಯಾವ ಬಗೆಯ ಕಥೆಗೆ ಬಹುಮಾನ ಬಂತು ಎಂದು ಲೆಕ್ಕ ಹಾಕಿ ಬರೆಯುವವರು ಮೊದಲು ತಮ್ಮ ಕಥೆಯನ್ನೇ ಕಳೆದುಕೊಳ್ಳುತ್ತಾರೆ.

ಇನ್ನು ಎರಡನೆಯ ಸಂಗತಿ, ಗುರುತಿಲ್ಲದವರ ನೋಟ. ಓಟ, ಬರಹ ಎರಡನ್ನೂ ಹೊಂದಿಸಿಕೊಂಡ ಜಪಾನಿನ ಹರುಕಿ ಮುರಕಾಮಿ ಅವರ ಶುರುವಾತೇ ಒಂದು ಸ್ಪರ್ಧೆಯಿಂದ. ಟೋಕಿಯೊದಲ್ಲಿ ಜಾಝ್ ಬಾರ್ ನಡೆಸುತ್ತ, ರಾತ್ರಿ ಕೆಲಸ ಮುಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಬರೆದ ಚಿಕ್ಕ ಕಾದಂಬರಿಯನ್ನು 'ಗುಂಜೊ' ಪತ್ರಿಕೆಯ ಹೊಸಬರ ಸ್ಪರ್ಧೆಗೆ ಕಳಿಸಿದರು. ತಮ್ಮ ಬಳಿ ಇನ್ನೊಂದು ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. 1979ರಲ್ಲಿ ಬಹುಮಾನ ಬಂತು. ಬಾರದಿದ್ದರೆ ಆ ಹಸ್ತಪ್ರತಿ ಶಾಶ್ವತವಾಗಿ ಕಳೆದುಹೋಗುತ್ತಿತ್ತು. 1982ರಲ್ಲಿ ಓಡಲು ಶುರುಮಾಡಿದ ಅವರು 1996ರಲ್ಲಿ ಹೊಕ್ಕೈಡೊದ ಸರೋಮ ಸರೋವರದ ಬಳಿ 100 ಕಿಲೋಮೀಟರ್ ಓಟವನ್ನೂ ಮುಗಿಸಿದರು.

ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಲಿಂಗ ಬಂದ' ಬೆಳಕಿಗೆ ಬಂದದ್ದು ಪ್ರಜಾವಾಣಿಯ ಕಥಾಸ್ಪರ್ಧೆಯ ಬಹುಮಾನದಿಂದ. ಕುವೆಂಪು ಅವರ ಮಗನಿಗೆ ಓದಿ ಅಭಿಪ್ರಾಯ ಹೇಳುವವರಿಗೆ ಕೊರತೆ ಇದ್ದಿರಲಾರದು. ಆದರೂ ಅಪರಿಚಿತರ ತಕ್ಕಡಿ ಬೇರೆಯೇ. ಮನೆಯವರು ಕಥೆ ಓದಿ ಚೆನ್ನಾಗಿದೆ ಎಂದರೆ ಅದರಲ್ಲಿ ಪ್ರೀತಿ ಎಷ್ಟು, ಕಥೆ ಎಷ್ಟು ಎಂದು ಬರೆದವರಿಗೆ ತಿಳಿಯುವುದಿಲ್ಲ. ಹೆಸರು ಕಾಣದ ಹಾಳೆಯನ್ನು ಗುರುತಿಲ್ಲದವರು ಓದಿ ಎತ್ತಿಟ್ಟರೆ ಆ ಗೊಂದಲವಿಲ್ಲ.

ಆದರೆ ಎತ್ತಿಡದೆ ಬಿಟ್ಟರೆ? ಓಟ ಮತ್ತು ಕಥಾಸ್ಪರ್ಧೆಯ ದಾರಿ ಬೇರೆಯಾಗುವುದು ಇಲ್ಲಿ. ಟೈಮಿಂಗ್ ಚಿಪ್ ಕಟ್ಟಿಕೊಂಡು ಎಂಟು ಸಾವಿರದನೆಯವರಾಗಿ ಮುಟ್ಟಿದವರಿಗೂ ಸಂಜೆಯೊಳಗೆ ಅವರ ಸಮಯ, ಅವರ ಸ್ಥಾನ ಸಿಗುತ್ತದೆ. ಮುಂದಿನ ಸಲ ಎರಡು ನಿಮಿಷ ಇಳಿಸಬೇಕು ಎಂದು ಅವರು ಅಂದೇ ಲೆಕ್ಕ ಹಾಕಬಹುದು. ಮೂರು ತಿಂಗಳು ತಿದ್ದಿ ತೀಡಿ ಕಥೆ ಕಳಿಸಿದವರಿಗೆ ಸಿಗುವುದು ಬಹುಪಾಲು ಮೌನ. ಕಥೆ ತಲುಪಿತೇ, ಯಾರಾದರೂ ಕೊನೆಯವರೆಗೆ ಓದಿದರೇ, ಒಂದು ಸುತ್ತಾದರೂ ದಾಟಿತೇ ಎಂಬುದು ತಿಳಿಯುವುದಿಲ್ಲ. ಮರಳಿ ಬರೆಯದೇ ಹೋದ ಎಷ್ಟೋ ಮಂದಿಯನ್ನು ನಿಲ್ಲಿಸಿದ್ದು ಸೋಲಲ್ಲ, ಈ ಮೌನ ಎಂದು ನಾನು ನಂಬಿದ್ದೇನೆ.

ಸ್ಪರ್ಧೆ ನಡೆಸುವ ಪತ್ರಿಕೆಗಳು, ಸಂಘಗಳು ಇದನ್ನು ಸರಿಪಡಿಸಬಹುದು. ಒಟ್ಟು ಎಷ್ಟು ಕಥೆ ಬಂದವು ಎಂದು ಪ್ರಕಟಿಸಲಿ. ತೀರ್ಪುಗಾರರು ಬಹುಮಾನಿತ ಕಥೆಗಳ ಗುಣಗಾನಕ್ಕೆ ನಿಲ್ಲದೆ, ಕಡೆಯ ಸುತ್ತಿನಲ್ಲಿ ಬಿದ್ದುಹೋದ ಕಥೆಗಳು ಎಲ್ಲಿ ಎಡವಿದವು ಎಂದು ಒಂದು ಪುಟ ಬರೆಯಲಿ. ಮೊದಲ ಸುತ್ತು ದಾಟಿದವರಿಗೆಲ್ಲ ದಾಟಿದ್ದೀರಿ ಎಂದು, ದಾಟದವರಿಗೆ ದಾಟಿಲ್ಲ ಎಂದು ಒಂದು ಸಾಲು ಹೋಗಲಿ. ಅಂಚೆಯ ಕಾಲದಲ್ಲಿ ಇದು ದುಬಾರಿ ಕೆಲಸವಾಗಿತ್ತು. ಈಗ ಇಮೇಲಿನಲ್ಲಿ ಬಂದ ಕಥೆಗೆ ಉತ್ತರವನ್ನೂ ಅದೇ ವಿಳಾಸಕ್ಕೆ ಕಳಿಸಿದರಾಯಿತು.