ಗೆರೆ ಬಂದದ್ದು ಪರದೆಯಲ್ಲಿ, ಕೆಟ್ಟದ್ದು ಇನ್ನೆಲ್ಲೋ

ಡೆಸ್ಕ್‌ಟಾಪ್ ಕಂಪ್ಯೂಟರ್ ಬಹಳ ಸಲ ಸೂಚನೆ ಕೊಟ್ಟೇ ಕೈಕೊಡುತ್ತದೆ. ಮೊದಲು ಪರದೆಯ ಮೇಲೆ ಅಡ್ಡಗೆರೆ, ಅಕ್ಷರಗಳ ನಡುವೆ ಬಣ್ಣದ ಚೌಕಗಳು. ಹೀಗೇ ಒಂದು ವಾರ ನಡೆದು, ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಮಾತ್ರ ತಿರುಗುತ್ತದೆ, ಪರದೆ ಕಪ್ಪು.

ಸತ್ತೇಗಾಲದ ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಕ್ಕ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್‌ಗೆ ನುಡಿ ಹಾಕಿಸಿಕೊಂಡು, ಕರೆಯೋಲೆ, ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿ ಟೈಪ್ ಮಾಡಿಕೊಟ್ಟು ಬಿ.ಇಡಿ. ಫೀಸು ಹೊಂದಿಸುತ್ತಿದ್ದಳು. ಪೇಟೆಯ ಅಂಗಡಿಗೆ ಹೊತ್ತೊಯ್ದರೆ ಸಿಪಿಯು ಬಿಚ್ಚುವ ಮೊದಲೇ ತೀರ್ಪು ಬಂತು: ‘ಮದರ್‌ಬೋರ್ಡೇ ಹೋಗದ ಕಣವ್ವ, ಹೊಸದೇ ತಗೊಂಬುಡು.’ ಎರಡನೇ ಕಂತಿನ ಫೀಸಿನ ದುಡ್ಡು ಅವಳ ಪರ್ಸಿನಲ್ಲೇ ಇತ್ತು. ಅದನ್ನು ಕೊಡದೆ ಬಸ್ಸಿನಲ್ಲಿ ವಾಪಸ್ ತಂದೆವು.

ಗೆರೆ ಬರುತ್ತಿದ್ದ ವಾರದಲ್ಲಿ ನೋಡಿಟ್ಟುಕೊಂಡಿದ್ದ ಎರಡು ಸಂಗತಿ ಆಗ ಉಪಯೋಗಕ್ಕೆ ಬಂದವು. ಒಂದು, ಮಾನಿಟರಿನ ಮೆನು. ಅದರ ಅಂಚಿನ ಬಟನ್ ಒತ್ತಿದಾಗ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಂದು ಬರುವ ಪೆಟ್ಟಿಗೆಯನ್ನು ಮೂಡಿಸುವುದು ಮಾನಿಟರೇ, ಸಿಪಿಯು ಅಲ್ಲ. ಮೆನುವಿನ ಮೇಲೂ ಗೆರೆ ಇದ್ದರೆ ದೋಷ ಮಾನಿಟರಿನದು. ಮೆನು ಸ್ವಚ್ಛವಾಗಿದ್ದು ಹಿಂದಿನ ಚಿತ್ರ ಮಾತ್ರ ಕದಡಿದ್ದರೆ ಕೇಬಲ್ ಅಥವಾ ಸಿಪಿಯು ಕಡೆ ಹುಡುಕಬೇಕು. ನಮ್ಮಲ್ಲಿ ಮೆನು ಸ್ವಚ್ಛವಾಗಿತ್ತು. ಎರಡನೆಯದು, ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿದರೆ ಬರುವ ಬಯೋಸ್ ಪುಟ. ವಿಂಡೋಸ್ ಇನ್ನೂ ಶುರುವೇ ಆಗದ ಅಲ್ಲಿಯೂ ಚೌಕಗಳು ಕಾಣುತ್ತಿದ್ದವು. ಅಂದಮೇಲೆ ಡ್ರೈವರ್ ಮೇಲಿನ ಅನುಮಾನ ಹೋಯಿತು. ಹೊಸದಾಗಿ ವಿಂಡೋಸ್ ಹಾಕಿಸಿದ್ದರೆ ದುಡ್ಡು ದಂಡವಾಗುತ್ತಿತ್ತು.

ಇನ್ನು ಕೇಬಲ್. ಹಳೆಯ ವಿಜಿಎ ಕೇಬಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಪಿನ್ ಇರುತ್ತದೆ. ಕೆಂಪಿನ ಪಿನ್ ಬಾಗಿದ್ದರೆ ಇಡೀ ಪರದೆ ಹಸಿರುನೀಲಿಗೆ ತಿರುಗುತ್ತದೆ, ಚೌಕ ಬರುವುದಿಲ್ಲ. ಆದರೂ ಪಕ್ಕದ ಮನೆಯ ಕೇಬಲ್ ತಂದು ಹಾಕಿ ನೋಡಿದೆವು. ವ್ಯತ್ಯಾಸವಾಗಲಿಲ್ಲ.

ನಮ್ಮದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಂಥ ಕಂಪ್ಯೂಟರ್‌ಗಳಲ್ಲಿ ಪರದೆಯ ಚಿತ್ರವೂ ರ‍್ಯಾಮ್‌ನಲ್ಲೇ ಒಂದು ಪಾಲು ಪಡೆದು ಕೂತಿರುತ್ತದೆ. ಹಾಗಾಗಿ ರ‍್ಯಾಮ್ ಕೆಟ್ಟರೆ ಮೊದಲು ಚಿತ್ರ ಕದಡಬಹುದು, ಪೂರ್ತಿ ಕೆಟ್ಟರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ. ನೋಡುವವರಿಗೆ ಎರಡು ಕಾಯಿಲೆ, ಮೂಲ ಒಂದೇ! ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟ್ ಇಳಿಯಲೆಂದು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, 4 ಜಿಬಿಯ ಎರಡೂ ರ‍್ಯಾಮ್ ತೆಗೆದೆವು. ಆಮೇಲೆ ಒಂದೊಂದನ್ನೇ ಹಾಕಿದೆವು. ಒಂದನ್ನು ಯಾವ ಸ್ಲಾಟ್‌ಗೆ ಹಾಕಿದರೂ ಕತ್ತಲೆ. ಇನ್ನೊಂದನ್ನು ಹಾಕಿದ ಮೊದಲ ಸಲವೇ ಪರದೆ ಬೆಳಗಿತು. ಸತ್ತ ರ‍್ಯಾಮ್‌ನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿಯೂ ನೋಡಿದೆವು. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ, ನಮ್ಮದು ಹೋಗಲಿಲ್ಲ. ಅಕ್ಕ ಒಂದೇ ರ‍್ಯಾಮ್‌ನಲ್ಲಿ ಆ ತಿಂಗಳ ಕೆಲಸ ಮುಗಿಸಿದಳು. ಫೀಸಿನ ದುಡ್ಡು ಫೀಸಿಗೇ ಹೋಯಿತು.

ಆ ಅಂಚಿನಲ್ಲಿ ಹಳದಿಯಾಗಿ ಹೊಳೆಯುವುದು ಚಿನ್ನದ ತೆಳು ಲೇಪ. ನಮ್ಮ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹರಿದದ್ದೂ ಚಿನ್ನಕ್ಕಾಗಿಯೇ, ದೂರದ ಕೋಲಾರದ ಗಣಿಗೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಹಾಗೆ, ಮಳೆಗಾಳಿಗೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಬರುವುದು ಇನ್ನೂ ತಪ್ಪಿಲ್ಲ. ಹಾಗೆ ಹೋಗಿ ಬರುವಾಗ ಮೊದಲ ಪೆಟ್ಟು ಬೀಳುವುದು ಎಸ್‌ಎಂಪಿಎಸ್‌ಗೆ. ಫ್ಯಾನ್ ಅರೆಕ್ಷಣ ತಿರುಗಿ ನಿಂತರೆ, ಕೆಲಸದ ಮಧ್ಯೆ ತಾನೇ ರೀಸ್ಟಾರ್ಟ್ ಆದರೆ ಅದನ್ನು ಅನುಮಾನಿಸಿ. ಹಳದಿ ತಂತಿಯಲ್ಲಿ 12 ವೋಲ್ಟ್ ಬರಬೇಕು, 11.4ಕ್ಕಿಂತ ಇಳಿಯಬಾರದು. ಇದನ್ನು ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಂದ ನೋಡಿಸಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ವರೆಗೂ ಉಳಿದಿರಬಹುದು.

ಅರ್ಜಿ ಹಾಕುವವರಿಗೆ ಇನ್ನೊಂದು ಮಾತು. ಸರ್ಕಾರಿ ಜಾಲತಾಣ ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬಂದರೆ ಮೊದಲು ಕಂಪ್ಯೂಟರಿನ ದಿನಾಂಕ ನೋಡಿ. ವರ್ಷಗಳಷ್ಟು ಹಿಂದೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ಬಿಲ್ಲೆ ಸೆಲ್ ಮುಗಿದಿರುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಅದು ಸಿಗುತ್ತದೆ.

ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಕೆಲಸದ ಸಂದರ್ಶನಕ್ಕೆ ಹೋದರೆ ‘ಡಿಸ್‌ಪ್ಲೇ ಬರುತ್ತಿಲ್ಲ, ಮೊದಲು ಏನು ನೋಡುತ್ತೀರಿ?’ ಎಂದು ಕೇಳಬಹುದು. ಯಾವ ಭಾಗ ಬದಲಿಸುತ್ತೀರಿ ಎಂಬುದಕ್ಕಿಂತ ಯಾವುದನ್ನು ಯಾವ ಕ್ರಮದಲ್ಲಿ ಅನುಮಾನದಿಂದ ಬಿಡುತ್ತಾ ಬರುತ್ತೀರಿ ಎಂಬುದೇ ಅಲ್ಲಿ ಬೇಕಾದ ಉತ್ತರ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗದು.

ಬೋರ್ಡೇ ಹೋಗುವುದೂ ಉಂಟು. ಅದರ ಮೇಲಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿದ್ದರೆ ಅಂಗಡಿಗೇ ಹೋಗಬೇಕು. ಹೋಗುವ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಅದನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಫೈಲು ತೆಗೆಯಬಹುದು. ಬದಲಿಸಿದ ಹಳೆಯ ಭಾಗವನ್ನೂ ಕೇಳಿ ತನ್ನಿ.