ಒಂದೂಕಾಲು ಗಂಧರ್ವ

ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹಕ್ಕೆ ನಮ್ಮ ಸದಸ್ಯರಲ್ಲಿ ಅನೇಕರು ಹೋಗಿರುತ್ತೀರಿ. ಆ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ಮೊದಲ ಮರಾಠಿ ನಾಟಕ ಆಡಿಸಲು ಪ್ರೇರಣೆ ಉತ್ತರ ಕನ್ನಡದಿಂದ ಬಂದಿದ್ದ ಭಾಗವತ ಮೇಳದ ಆಟ. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಅವರ ‘ಶಾಕುಂತಲ’ (1880), ‘ಸೌಭದ್ರ’ (1882)ಗಳಿಂದ ಮರಾಠಿ ಸಂಗೀತ ನಾಟಕ ಮನೆಮಾತಾಯಿತು. ಪಶ್ಚಿಮದವರ ಆಪೆರಾಕ್ಕೆ ನಮ್ಮಲ್ಲಿ ಹತ್ತಿರದ್ದು ಇದೇ. ಅಲ್ಲಿ ಮಾತೂ ಹಾಡೇ, ಇಲ್ಲಿ ಮಾತಿನ ನಡುವೆ ಹಾಡು.

ಈ ರಂಗಭೂಮಿಗೆ ಕನ್ನಡನಾಡು ಕೊಟ್ಟ ದೊಡ್ಡ ಗಾಯಕನಟ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. 1886ರ ಜನವರಿ 19ರಂದು ಹುಟ್ಟಿದವರು. ತಂದೆ ಗಣೇಶ ಸಂಶಿ ಅವರು ಊರ ನಾಡಿಗೇರರ ಜಹಗೀರಿನಲ್ಲಿ ಗುಮಾಸ್ತರು. ಹುಡುಗ ಅಬ್ದುಲ್ ಕರೀಂ ಖಾನರ ಬಳಿ ಏಳೆಂಟು ವರ್ಷ ಕಲಿತ. ಒಂದೊಂದು ಸ್ವರವನ್ನೂ ಸಾವಕಾಶವಾಗಿ ಬೆಳೆಸುವ ಕಿರಾನಾ ಪದ್ಧತಿ ಅದು. ಶಿಷ್ಯ ನಾಟಕಕ್ಕೆ ಸೇರುವುದು ಖಾನಸಾಹೇಬರಿಗೆ ಸರಿಬರಲಿಲ್ಲ. ರಾಮಭಾವು ಆದರೂ ಹೋದರು.

ಆಗ ಮೈಕ್ ಇರಲಿಲ್ಲ. ಆರ್ಗನ್ನು, ಸಾರಂಗಿ, ತಬಲಾದ ಜೊತೆಗೆ ಕೊನೆಯ ಸಾಲಿನವನಿಗೂ ಕೇಳಬೇಕು, ಅದೂ ಸೀರೆಯುಟ್ಟು, ನಾಯಕಿಯ ಹಾವಭಾವ ಬಿಡದೆ. ಸಭೆ ‘ವನ್ಸ್ ಮೋರ್’ ಎಂದರೆ ಅದೇ ಪದ ಮತ್ತೆ; ನಾಟಕ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ರಾಮಭಾವು ಅವರ ಗಂಟಲು ಹುಟ್ಟಾ ಮಧುರವಲ್ಲ. ವಯಸ್ಸಿಗೆ ಬಂದಾಗ ದನಿ ಒಡೆದು ಗಡುಸಾಗಿತ್ತು. ಹಾಡುತ್ತ ಹಾಡುತ್ತ ಕಾವೇರಿದ ಮೇಲೆ ಅದು ತೆರೆದುಕೊಳ್ಳುತ್ತಿತ್ತಂತೆ. ಮನೆಮಾತು ಕನ್ನಡ, ಪಾತ್ರದ ಮಾತು ಮರಾಠಿ. (ಡೊಂಬಿವಲಿಯಲ್ಲಿ ಮಕ್ಕಳನ್ನು ಮರಾಠಿ ಶಾಲೆಗೆ ಕಳಿಸಿದ ನಮಗೆ ಇದು ಹೊಸದಲ್ಲ!)

ಬಾಲಗಂಧರ್ವರು ಮೆರೆಯುತ್ತಿದ್ದ ಕಾಲವದು. ಅಮರಾವತಿಯಲ್ಲಿ ರಾಮಭಾವು ಹಾಡು ಕೇಳಿದ ದಾದಾಸಾಹೇಬ ಖಾಪರ್ಡೆಯವರು ಅವರನ್ನು ‘ಸವಾಯಿ ಗಂಧರ್ವ’ ಎಂದರು. ಸವಾಯಿ ಎಂದರೆ ಒಂದೂಕಾಲು. ಇಲ್ಲಿಯ ಬಾಜಾರಿನಲ್ಲಿ ‘ಸವ್ವಾ ಕಿಲೋ’ ಕೇಳುವ ನಮಗೆ ಬೇರೆ ಅರ್ಥ ಹೇಳಬೇಕಿಲ್ಲ. ಹೊಗಳಿಕೆ ದೊಡ್ಡದೇ. ಆದರೂ ಇನ್ನೊಬ್ಬರ ಅಳತೆಯಲ್ಲಿ ಬಂದ ಬಿರುದು ಎಂದು ನನಗೆ ಯಾವಾಗಲೂ ತುಸು ಕಸಿವಿಸಿ.

ಮುಂದೆ ಬಣ್ಣ ಬಿಟ್ಟು ಖಯಾಲಿಗೇ ಮರಳಿದರು. ನಾಟಕದ ವರ್ಷಗಳು ವ್ಯರ್ಥವಾದವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಾವಿರ ಜನರನ್ನು ಹಿಡಿದು ಕೂರಿಸುವ ವಿದ್ಯೆ ಬೈಠಕ್ಕಿನಲ್ಲಿ ಮಾತ್ರ ಸಿಕ್ಕೀತೇ? ಅವರ ಶಿಷ್ಯ ಭೀಮಸೇನ ಜೋಶಿಯವರನ್ನು ಕೇಳಿದವರು ಹೇಳಲಿ.

1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಹಾಡು ನಿಂತಿತು. 1946ರಲ್ಲಿ ಪುಣೆಯಲ್ಲಿ ಗುರುಗಳ ಷಷ್ಟ್ಯಬ್ದಿಗೆ ಭೀಮಸೇನರು ಹಾಡಿದರು. 1952ರ ಸೆಪ್ಟೆಂಬರ್ 12ರಂದು ರಾಮಭಾವು ತೀರಿಕೊಂಡರು. ಮರುವರ್ಷದಿಂದಲೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಆರಂಭವಾಯಿತು.

ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದರು. ಪಾಠ ಮುಗಿಸಿ, ಕತ್ತಲಲ್ಲಿ ಸ್ಟೇಷನ್ನಿಗೆ ನಡೆದು, ಮತ್ತೆ ಹುಬ್ಬಳ್ಳಿಯ ಗಾಡಿ ಹಿಡಿಯುತ್ತಿದ್ದರು.